ದುಭಾಷಿಯೂ ಊರಹೆಸರೂ: ವಸ್ತುಭಂಡಾರದಲ್ಲಿ ಎಪಿಐ ಹೊಂದಾಣಿಕೆ

ಪೀಠಿಕೆ

ಹೊಸೂರಿನಿಂದ ಕೃಷ್ಣಗಿರಿಗೆ ಸಾಗುವ ಹೆದ್ದಾರಿಯಲ್ಲಿ ಸೂಳಗಿರಿ ಸಿಗುತ್ತದೆ. ಕನ್ನಡ, ತಮಿಳು, ತೆಲುಗು ಮೂರೂ ನುಡಿಗಳು ಬೆರೆತು ಬಾಳುವ ಗಡಿಸೀಮೆಯಿದು. ಇಂಥ ಸೀಮೆಯಲ್ಲಿ ಒಂದು ಊರಿಗೆ ಒಂದೇ ಬರಹರೂಪ ಇರುವುದು ಅಪರೂಪ. ಕನ್ನಡದಲ್ಲಿ ‘ಸೂಳಗಿರಿ’ ಎಂದು ಬರೆಯುವ ಹೆಸರನ್ನು ತಮಿಳು ಲಿಪಿಗೆ ತಂದಾಗ ಅದರ ಮೊದಲಕ್ಷರಕ್ಕೆ ಚಕಾರ, ಸಕಾರಗಳೆರಡನ್ನೂ ಸೂಚಿಸುವ ಒಂದೇ ಚಿಹ್ನೆ ಬಳಕೆಯಾಗುತ್ತದೆ. ರೋಮನ್ ಲಿಪಿಗೆ ಹೋದಾಗ ಲಕಾರ, ಳಕಾರಗಳ ಭೇದ ಅಳಿಯುತ್ತದೆ. ಅಲ್ಲಿಂದ ಮರಳಿ ಕನ್ನಡಕ್ಕೆ ಬಂದಾಗ ‘ಶೂಲಗಿರಿ’ ಎಂಬ ರೂಪ ಕಾಣಿಸಿಕೊಳ್ಳುತ್ತದೆ. ಶಕಾರವು ಸಕಾರವಾಗುವುದು ತದ್ಭವದ ಪರಿಚಿತ ಮಾರ್ಗ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣವನ್ನು ಓದಿದ ವಿದ್ಯಾರ್ಥಿಗೆ ಇದು ಹೊಸತಲ್ಲ. ಆದರೆ ಕಂಪ್ಯೂಟರಿಗೆ ತತ್ಸಮ, ತದ್ಭವಗಳ ಅರಿವಿಲ್ಲ. ಅದರ ಲೆಕ್ಕದಲ್ಲಿ ಇವು ಸಂಬಂಧವೇ ಇಲ್ಲದ ಎರಡು ಹೆಸರುಗಳು.

ಹೊಸೂರು, ಸೂಳಗಿರಿ ಸುತ್ತಲಿನ ವೀರಗಲ್ಲುಗಳ ಚಿತ್ರಗಳು, ಹಿರಿಯರು ಹಾಡಿದ ಪದಗಳ ಧ್ವನಿಮುದ್ರಿಕೆಗಳು, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಒಂದು ಕನ್ನಡ ವಿಭಾಗದ ಬಳಿ ಇವೆ ಎಂದು ಭಾವಿಸಬಹುದು. ಅವುಗಳನ್ನು ಬಹುಕಾಲ ಕಾಪಾಡಲು ವಿಭಾಗವು ಕ್ಲೌಡ್ ಭಂಡಾರವೊಂದನ್ನು ಆರಿಸಿಕೊಳ್ಳುತ್ತದೆ. ಭಂಡಾರ ಒಂದು ಭಾಷೆಯಲ್ಲಿ ಮಾತನಾಡುತ್ತದೆ. ವಿಭಾಗದ ಕೈಯಲ್ಲಿರುವ ಉಪಕರಣಕ್ಕೆ ಬೇರೊಂದು ಭಾಷೆ ಮಾತ್ರ ಗೊತ್ತು. ನಡುವೆ ಒಬ್ಬ ದುಭಾಷಿ ಬೇಕಾಗುತ್ತಾನೆ. ಆ ದುಭಾಷಿಯ ಕೆಲಸವನ್ನೂ ಅವನ ಮಿತಿಯನ್ನೂ ತಿಳಿಸುವುದು ಈ ಪಾಠದ ಉದ್ದೇಶ. ಮಿತಿಯನ್ನು ಅರಿಯದೆ ಹೋದರೆ ಕಡತ ಭಂಡಾರದಲ್ಲಿದ್ದೂ ಹುಡುಕಿದವರಿಗೆ ಸಿಗದೆ ಹೋದೀತು.

ವಸ್ತುಭಂಡಾರ ಎಂದರೇನು?

ಆಬ್ಜೆಕ್ಟ್ ಸ್ಟೋರೇಜ್ ಎಂಬುದನ್ನು ಇಲ್ಲಿ ವಸ್ತುಭಂಡಾರ ಎಂದು ಕರೆಯಲಾಗಿದೆ. ಮನೆಯ ಕಂಪ್ಯೂಟರಿನಲ್ಲಿ ಕಡತಗಳು ಫೋಲ್ಡರುಗಳೊಳಗೆ ಇರುತ್ತವೆ. ಫೋಲ್ಡರಿನ ಹೆಸರು ಬದಲಿಸಿದರೆ ಒಳಗಿನವೆಲ್ಲ ಅದರೊಂದಿಗೆ ಸಾಗುತ್ತವೆ. ಸಾಮಾನ್ಯ ವಸ್ತುಭಂಡಾರದಲ್ಲಿ ಫೋಲ್ಡರುಗಳಿಲ್ಲ. ಅಲ್ಲಿ ಇರುವುದು ಮೂರೇ: ಒಂದು ದೊಡ್ಡ ಪೆಟ್ಟಿಗೆ, ಅದರೊಳಗಿನ ವಸ್ತು, ವಸ್ತುವಿಗೆ ಅಂಟಿಸಿದ ವಿವರಚೀಟಿ. ಪೆಟ್ಟಿಗೆಗೆ ಅಮೆಜಾನಿನ ಎಸ್3 ಪದ್ಧತಿಯಲ್ಲಿ ಬಕೆಟ್ ಎಂದೂ ಓಪನ್‌ಸ್ಟ್ಯಾಕ್ ಸ್ವಿಫ್ಟ್ ಪದ್ಧತಿಯಲ್ಲಿ ಕಂಟೇನರ್ ಎಂದೂ ಹೆಸರು. ವಿವರಚೀಟಿಯನ್ನು ಎರಡೂ ಕಡೆ ಮೆಟಾಡೇಟಾ ಎನ್ನುತ್ತಾರೆ.

ವಸ್ತುವಿನ ಹೆಸರಿನಲ್ಲಿ ಓರೆಗೆರೆ ಬಂದರೆ ನೋಡುವವರಿಗೆ ಫೋಲ್ಡರಿನಂತೆ ತೋರುತ್ತದೆ. ನಿಜವಾಗಿ ಅದು ಹೆಸರಿನ ಇನ್ನೊಂದು ಅಕ್ಷರವಷ್ಟೆ. ಹೆಸರನ್ನು ತಿದ್ದಬೇಕಾದರೆ ವಸ್ತುವನ್ನು ಹೊಸ ಹೆಸರಿನಲ್ಲಿ ನಕಲು ಮಾಡಿ ಹಳೆಯದನ್ನು ಅಳಿಸಬೇಕು.

ಇದರ ಪರಿಣಾಮವನ್ನು ಸೂಳಗಿರಿಯ ಸೀಮೆಯಿಂದಲೇ ತಿಳಿಯಬಹುದು. 1956ರ ರಾಜ್ಯ ಪುನರ್ವಿಂಗಡಣೆಯಾದಾಗ ಹೊಸೂರು ಸೀಮೆ ಮದ್ರಾಸ್ ರಾಜ್ಯದ ಸೇಲಂ ಜಿಲ್ಲೆಯಲ್ಲಿ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ ಬೇರೆಯಾಯಿತು; 2004ರಲ್ಲಿ ಅದರಿಂದ ಕೃಷ್ಣಗಿರಿ ಜಿಲ್ಲೆ ಮೂಡಿತು. ಹಿಂದೆ ಹೊಸೂರು ತಾಲ್ಲೂಕಿಗೆ ಸೇರಿದ್ದ ಸೂಳಗಿರಿ ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಜಿಲ್ಲೆ, ತಾಲ್ಲೂಕುಗಳನ್ನು ವಸ್ತುವಿನ ಹೆಸರಿನಲ್ಲೇ ಹೆಣೆದಿದ್ದರೆ ಪ್ರತಿ ಪುನರ್ವಿಂಗಡಣೆಗೂ ಸಾವಿರಾರು ವಸ್ತುಗಳನ್ನು ನಕಲಿಸಿ ಅಳಿಸಬೇಕಾಗುತ್ತಿತ್ತು. ಬದಲಾಗುವ ಸಂಗತಿಗಳು ವಿವರಚೀಟಿಗೆ ಸೇರಬೇಕು, ಹೆಸರಿಗಲ್ಲ. ಇದು ಈ ಪಾಠದ ಮೊದಲ ಸೂತ್ರ.

ಎರಡು ಭಾಷೆಗಳು, ನಡುವೆ ಒಬ್ಬ ದುಭಾಷಿ

ಒಂದು ತಂತ್ರಾಂಶವು ಇನ್ನೊಂದನ್ನು ಕೇಳುವ ಪ್ರಶ್ನೆಗಳ ನಿಶ್ಚಿತ ವ್ಯಾಕರಣವೇ ಎಪಿಐ. ಯಾವ ಪದವನ್ನು ಯಾವ ಕ್ರಮದಲ್ಲಿ ಹೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ, ತಪ್ಪಾದಾಗ ಏನೆಂದು ತಿಳಿಸಲಾಗುತ್ತದೆ ಎಂಬುದೆಲ್ಲ ಅದರಲ್ಲಿ ಅಡಕವಾಗಿದೆ.

ಅಮೆಜಾನ್ ಸಂಸ್ಥೆ ಎಸ್3 ಸೇವೆಯನ್ನು 2006ರ ಮಾರ್ಚ್ 14ರಂದು ಆರಂಭಿಸಿತು. ಬಹಳಷ್ಟು ಉಪಕರಣಗಳು ಅದರ ವ್ಯಾಕರಣವನ್ನೇ ಕಲಿತವು. 2010ರಲ್ಲಿ ರ‍್ಯಾಕ್‌ಸ್ಪೇಸ್ ಮತ್ತು ನಾಸಾ ಸೇರಿ ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಪ್ರಕಟಿಸಿದವು. ಅದರ ವಸ್ತುಭಂಡಾರವೇ ಸ್ವಿಫ್ಟ್. ಅದನ್ನು ಯಾರು ಬೇಕಾದರೂ ತಮ್ಮ ಯಂತ್ರಗಳಲ್ಲಿ ಶುಲ್ಕವಿಲ್ಲದೆ ನಡೆಸಬಹುದು. ಆದರೆ ಅದರ ವ್ಯಾಕರಣ ಬೇರೆ. ಈ ಅಂತರವನ್ನು ತುಂಬಲು ಸ್ವಿಫ್ಟ್3 ಎಂಬ ಮಿಡಲ್‌ವೇರ್ ಹುಟ್ಟಿತು. ಅದೇ ಮುಂದೆ ಎಸ್3ಎಪಿಐ ಎಂಬ ಹೆಸರಿನಲ್ಲಿ 2018ರಲ್ಲಿ ಸ್ವಿಫ್ಟ್‌ನ ಅಂಗವೇ ಆಯಿತು.

ಅನುವಾದ ಎಷ್ಟು ಸೂಕ್ಷ್ಮವಾಗಿರಬೇಕೆಂಬುದಕ್ಕೆ ಒಂದು ಉದಾಹರಣೆ ಸಾಕು. ಹೊಸ ವಸ್ತುವೊಂದನ್ನು ಸ್ವೀಕರಿಸಿದಾಗ ಸ್ವಿಫ್ಟ್ ‘201’ ಎಂಬ ಸಂಕೇತದಿಂದ ಉತ್ತರಿಸುತ್ತದೆ. ಎಸ್3 ಪದ್ಧತಿಯಲ್ಲಿ ಅದೇ ಸಂದರ್ಭಕ್ಕೆ ‘200’ ಬರಬೇಕು. ದುಭಾಷಿ ಈ ಸಂಖ್ಯೆಯನ್ನು ಬದಲಿಸುತ್ತಾನೆ. ಪೆಟ್ಟಿಗೆಯಲ್ಲಿರುವ ವಸ್ತುಗಳ ಪಟ್ಟಿಯನ್ನು ಎಸ್3 ಬಯಸುವ ಎಕ್ಸ್‌ಎಂಎಲ್ ವಿನ್ಯಾಸಕ್ಕೆ ತರುತ್ತಾನೆ. ವಿವರಚೀಟಿಯ ಶೀರ್ಷಿಕೆಗಳಿಗೆ ಒಂದು ಕಡೆಯ ಪೂರ್ವಪದವನ್ನು ತೆಗೆದು ಇನ್ನೊಂದು ಕಡೆಯದನ್ನು ಹಚ್ಚುತ್ತಾನೆ.

ಕನ್ನಡದ ಓದುಗರು ಇಂಥ ದುಭಾಷಿಗಳನ್ನು ಅರಿಯದೆಯೇ ಬಳಸುತ್ತಿದ್ದಾರೆ. ಕನ್ನಡ ವಿಕಿಸೋರ್ಸ್‌ನಲ್ಲಿ ಪುಟವಾರಾಗಿ ಕಾಣುವ ಸ್ಕ್ಯಾನ್ ಪುಸ್ತಕಗಳ ಕಡತಗಳು ಸಾಮಾನ್ಯವಾಗಿ ವಿಕಿಮೀಡಿಯ ಕಾಮನ್ಸ್‌ನಿಂದ ಬರುತ್ತವೆ. ವಿಕಿಮೀಡಿಯ ತನ್ನ ಚಿತ್ರ, ಧ್ವನಿ, ಪುಸ್ತಕಗಳ ಕಡತಗಳನ್ನು ಸ್ವಿಫ್ಟ್‌ನಲ್ಲಿ ಇರಿಸಿದೆ. ಹೊರಗಿನ ವಿಳಾಸವನ್ನು ಒಳಗಿನ ಕಂಟೇನರಿನ ವಿಳಾಸಕ್ಕೆ ತಿರುಗಿಸಲು ಅಲ್ಲಿಯೂ ಒಂದು ಮಿಡಲ್‌ವೇರ್ ಇದೆ. ಇಂಟರ್ನೆಟ್ ಆರ್ಕೈವ್ ಕೂಡ ಎಸ್3ನ್ನು ಹೋಲುವ ಎಪಿಐಯನ್ನು ಒದಗಿಸಿದೆ. ಅಲ್ಲಿ ಪ್ರತಿ ಪುಸ್ತಕದ ದಾಖಲೆ ಒಂದು ಬಕೆಟ್ಟಿನಂತೆ ವರ್ತಿಸುತ್ತದೆ. ಆ ದಾಖಲೆಯ ಗುರುತಿನಲ್ಲಿ ಕನ್ನಡ ಅಕ್ಷರಗಳಿಗೆ ಅವಕಾಶವಿಲ್ಲ. ಕನ್ನಡ ಶೀರ್ಷಿಕೆಯು ವಿವರಚೀಟಿಯಲ್ಲಿ, ಅದೂ ಶೇಕಡಾ ಚಿಹ್ನೆಗಳ ಸಂಕೇತರೂಪದಲ್ಲಿ ಸಾಗಬೇಕು.

ದುಭಾಷಿಯನ್ನು ಕೂರಿಸುವ ಕ್ರಮ

ಸ್ವಿಫ್ಟ್‌ಗೆ ಬರುವ ಪ್ರತಿ ಕೋರಿಕೆಯೂ ಮೊದಲು ಪ್ರಾಕ್ಸಿ ಸರ್ವರ್ ಎಂಬ ಹೆಬ್ಬಾಗಿಲಿಗೆ ಬರುತ್ತದೆ. ಬಾಗಿಲಿನಿಂದ ಭಂಡಾರದವರೆಗೆ ಒಬ್ಬರ ಹಿಂದೊಬ್ಬರಂತೆ ಕಾವಲುಗಾರರು ನಿಂತಿರುತ್ತಾರೆ. ಪ್ರಾಕ್ಸಿ ಸರ್ವರಿನ ಸಂರಚನಾ ಕಡತದಲ್ಲಿ ಈ ಸಾಲಿಗೆ ಪೈಪ್‌ಲೈನ್ ಎಂದು ಹೆಸರು. ಎಸ್3ಎಪಿಐಯನ್ನು ಸ್ಥಾಪಿಸುವುದೆಂದರೆ ಈ ಸಾಲಿನಲ್ಲಿ ಅದಕ್ಕೆ ತಕ್ಕ ಸ್ಥಾನ ಕೊಡುವುದು. ಸಮಾಸದಲ್ಲಿ ಪೂರ್ವಪದ, ಉತ್ತರಪದಗಳು ಸ್ಥಾನ ಬದಲಿಸಿದರೆ ಅರ್ಥ ಕೆಡುವಂತೆ ಇಲ್ಲಿಯೂ ಸ್ಥಾನವೇ ಮುಖ್ಯ.

ಒಂದು: ಗುರುತು ಪರೀಕ್ಷಿಸುವ ಕಾವಲುಗಾರನಿಗಿಂತ ಮುಂದೆ ದುಭಾಷಿ ನಿಲ್ಲಬೇಕು. ಟೆಂಪ್‌ಆತ್ ಎಂಬ ಸರಳ ಗುರುತಿನ ವ್ಯವಸ್ಥೆಯನ್ನು ಬಳಸುವಾಗ ಎಸ್3ಎಪಿಐ ಅದರ ಹಿಂದಿನ ಸ್ಥಾನದಲ್ಲಿ, ಅಂದರೆ ಕೋರಿಕೆ ಮೊದಲು ತಲುಪುವ ಕಡೆ, ಇರಬೇಕು. ಕ್ರಮ ತಲೆಕೆಳಗಾದರೆ ಗುರುತಿನವನಿಗೆ ಬಂದವರ ಭಾಷೆ ತಿಳಿಯದೆ ಕೋರಿಕೆ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ.

ಎರಡು: ಗುರುತನ್ನು ಕೀಸ್ಟೋನ್ ಎಂಬ ಪ್ರತ್ಯೇಕ ಸೇವೆ ನೋಡಿಕೊಳ್ಳುತ್ತಿದ್ದರೆ ಎಸ್3ಟೋಕನ್ ಎಂಬ ಇನ್ನೊಂದು ಘಟಕವೂ ಬೇಕು. ಅದು ಎಸ್3ಎಪಿಐಯ ನಂತರ, ಕೀಸ್ಟೋನ್‌ಆತ್‌ಗಿಂತ ಮೊದಲು ಬರುತ್ತದೆ. ಬಳಕೆದಾರರಿಗೆ ಇಸಿ2 ಮಾದರಿಯ ಕೀಲಿಜೋಡಿಯನ್ನು ಕೀಸ್ಟೋನ್‌ನಲ್ಲಿ ಸೃಷ್ಟಿಸಿ ಕೊಡಬೇಕು. ಜೋಡಿಯಲ್ಲಿ ಒಂದು ಬಹಿರಂಗ ಕೀಲಿ, ಇನ್ನೊಂದು ಗುಪ್ತ ಕೀಲಿ.

ಮೂರು: ಹಲವು ವಸ್ತುಗಳನ್ನು ಒಟ್ಟಿಗೆ ಅಳಿಸಲು ಬಲ್ಕ್, ದೊಡ್ಡ ಕಡತಗಳನ್ನು ತುಂಡುಗಳಾಗಿ ಏರಿಸಲು ಎಸ್‌ಎಲ್‌ಒ ಎಂಬ ಘಟಕಗಳು ಸಾಲಿನಲ್ಲಿ ಇರಲೇಬೇಕು. ಇವು ಇಲ್ಲದಿದ್ದರೆ ಸಣ್ಣ ಚಿತ್ರಗಳು ಸಲೀಸಾಗಿ ಏರುತ್ತವೆ; ದೊಡ್ಡ ಧ್ವನಿಮುದ್ರಿಕೆಯ ಹೊತ್ತಿಗೆ ಕೆಲಸ ನಿಲ್ಲುತ್ತದೆ.

ನಾಲ್ಕು: ಭಂಡಾರದ ಪ್ರದೇಶನಾಮ ಎರಡೂ ಕಡೆ ಒಂದೇ ಆಗಿರಬೇಕು. ಎಸ್3ಎಪಿಐ ತಾನಾಗಿ ಇಟ್ಟುಕೊಳ್ಳುವ ಹೆಸರು ‘ಯುಎಸ್-ಈಸ್ಟ್-1’. ಭಂಡಾರ ಹೊಸೂರಿನಲ್ಲೇ ಇದ್ದರೂ, ಸಂರಚನೆಯಲ್ಲಿ ಬದಲಿಸದಿದ್ದರೆ, ಬಳಕೆದಾರನ ಉಪಕರಣವೂ ಅದೇ ಹೆಸರನ್ನು ಹೇಳಬೇಕು.

ಐದು: ಎರಡೂ ಯಂತ್ರಗಳ ಗಡಿಯಾರಗಳು ಹೊಂದಿರಬೇಕು. 15 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಕೋರಿಕೆ ನಿರಾಕೃತವಾಗುತ್ತದೆ.

ಮುದ್ರೆ ಮತ್ತು ಬೈಟುಗಳು

ಎಸ್3 ಪದ್ಧತಿಯಲ್ಲಿ ಗುಪ್ತ ಕೀಲಿಯನ್ನು ತಂತಿಯ ಮೇಲೆ ಕಳುಹಿಸುವುದಿಲ್ಲ. ಕೋರಿಕೆಯ ವಿಧಾನ, ವಿಳಾಸ, ದಿನಾಂಕ, ಪ್ರದೇಶನಾಮ ಮೊದಲಾದವನ್ನು ಗೊತ್ತಾದ ಕ್ರಮದಲ್ಲಿ ಜೋಡಿಸಿ, ಗುಪ್ತ ಕೀಲಿಯ ನೆರವಿನಿಂದ ಗಣಿತದ ಒಂದು ಮುದ್ರೆಯನ್ನು ತಯಾರಿಸಲಾಗುತ್ತದೆ. ಈಗ ರೂಢಿಯಲ್ಲಿರುವುದು ನಾಲ್ಕನೆಯ ಆವೃತ್ತಿಯ ಮುದ್ರೆ. 2016ರಲ್ಲಿ ತೆರೆದ ಅಮೆಜಾನಿನ ಮುಂಬಯಿ ಪ್ರದೇಶವು ಆರಂಭದಿಂದಲೂ ಅದನ್ನಷ್ಟೇ ಒಪ್ಪುತ್ತದೆ. ಕೋರಿಕೆ ತಲುಪಿದ ಮೇಲೆ ಭಂಡಾರದ ಕಡೆಯೂ ಅದೇ ಲೆಕ್ಕ ಮಾಡಿ ಎರಡನ್ನೂ ಹೋಲಿಸುತ್ತದೆ. ಒಂದು ಅಕ್ಷರ ಬೇರೆಯಾದರೂ ಮುದ್ರೆ ಹೊಂದುವುದಿಲ್ಲ.

ಕನ್ನಡದ ಹೆಸರುಗಳಿಗೆ ಕಷ್ಟ ಎದುರಾಗುವುದು ಇಲ್ಲಿ. ಯೂನಿಕೋಡಿನ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳು ಬೇಕು. ‘ಸ’ ಎಂಬುದು 224, 178, 184 ಎಂಬ ಮೂರು ಸಂಖ್ಯೆಗಳಾಗುತ್ತದೆ. ‘ಸೂಳಗಿರಿ’ಯಲ್ಲಿ ಕಣ್ಣಿಗೆ ಕಾಣುವುದು 4 ಅಕ್ಷರ, ವ್ಯಂಜನ, ಸ್ವರಚಿಹ್ನೆಗಳನ್ನು ಬಿಡಿಸಿದರೆ 7 ಸಂಕೇತ, ಬೈಟುಗಳು 21. ವಿಳಾಸದಲ್ಲಿ ಬರೆಯುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳ ಗುಂಪಾಗುವುದರಿಂದ ಒಟ್ಟು 63 ಚಿಹ್ನೆಗಳು. ಈ ಪರಿವರ್ತನೆ ಒಮ್ಮೆ ಮಾತ್ರ ನಡೆಯಬೇಕು. ಎರಡನೆಯ ಬಾರಿ ನಡೆದರೆ ಶೇಕಡಾ ಚಿಹ್ನೆಯೇ ‘%25’ ಆಗಿ ಹೆಸರು ಕೆಡುತ್ತದೆ. ದುಭಾಷಿಯ ಮುಂದೆ ಇನ್ನೊಂದು ಪ್ರಾಕ್ಸಿಯನ್ನು ಇರಿಸಿದಾಗ, ಅದು ವಿಳಾಸವನ್ನು ಬಿಡಿಸಿ ಮತ್ತೆ ಬೇರೆ ಬಗೆಯಲ್ಲಿ ಬರೆದರೆ, ಮುದ್ರೆ ಹೊಂದದೆ ಕೋರಿಕೆ ಬಿದ್ದುಹೋಗುತ್ತದೆ. ಇಂಗ್ಲಿಷ್ ಅಕ್ಷರದ ಹೆಸರುಗಳಿಗೆ ಈ ಪರಿವರ್ತನೆಯೇ ಬೇಡವಾದ್ದರಿಂದ ಅವುಗಳಿಂದ ಮಾತ್ರ ಪರೀಕ್ಷಿಸಿದವರಿಗೆ ದೋಷ ಗೋಚರಿಸುವುದಿಲ್ಲ. ಆದಕಾರಣ ಸ್ಥಾಪನೆಯ ಪರೀಕ್ಷೆ ಕನ್ನಡ ಹೆಸರಿನಿಂದಲೇ ಆಗಬೇಕು.

ಮುದ್ರೆ ಸರಿಯಾಗಿದ್ದೂ ಉಂಟಾಗುವ ತೊಡಕು ಇನ್ನೊಂದಿದೆ. ‘ಹೊಸೂರು’ ಎಂಬ ಹೆಸರಿನ ಒತ್ವವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಒತ್ವದ ಒಂದೇ ಸಂಕೇತವಾಗಿ, ಇಲ್ಲವೆ ಎತ್ವದ ಮುಂದೆ ಊತ್ವವನ್ನಿಟ್ಟು. ಪರದೆಯ ಮೇಲೆ ಎರಡೂ ಒಂದೇ. ಮೊದಲನೆಯದು 18 ಬೈಟು, ಎರಡನೆಯದು 21 ಬೈಟು. ಈತ್ವ, ಏತ್ವ, ಐತ್ವ, ಓತ್ವಗಳಿಗೂ ಇದೇ ದ್ವಿರೂಪವಿದೆ. ಆಪಲ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಕೀಲಿಮಣೆಯಿಂದ ಟೈಪಿಸಿದ ಹೆಸರು ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲಿರುತ್ತದೆ. ಹೀಗಾಗಿ ಒಬ್ಬ ವಿದ್ಯಾರ್ಥಿ ಏರಿಸಿದ ಹೊಸೂರಿನ ಚಿತ್ರವನ್ನು ಇನ್ನೊಬ್ಬ ವಿದ್ಯಾರ್ಥಿ ಅದೇ ಹೆಸರಿನಿಂದ ಕೇಳಿದಾಗ ‘ಅಂಥ ವಸ್ತುವಿಲ್ಲ’ ಎಂಬ ಉತ್ತರ ಬರಬಹುದು. ‘ಸೂಳಗಿರಿ’ ಎಂಬ ಹೆಸರಿನಲ್ಲಿ ಇಂಥ ಸ್ವರಚಿಹ್ನೆ ಇಲ್ಲದ್ದರಿಂದ ಅದು ಈ ತೊಡಕಿನಿಂದ ಪಾರಾಗಿದೆ. ಪಕ್ಕದ ಹೊಸೂರು ಪಾರಾಗಿಲ್ಲ.

ದುಭಾಷಿ ಇದನ್ನು ತಿದ್ದುವುದಿಲ್ಲ, ತಿದ್ದಲೂ ಬಾರದು. ಬಂದ ಬೈಟುಗಳನ್ನು ಇದ್ದಂತೆ ದಾಟಿಸುವುದೇ ಅವನ ಧರ್ಮ. ತಿದ್ದುವ ಕೆಲಸ ವಸ್ತುವನ್ನು ಏರಿಸುವ ಮೊದಲೇ ಆಗಬೇಕು. ಕೂಡಿಸಿದ ರೂಪಕ್ಕೆ ತರುವ ವಿಧಾನವನ್ನು ಎನ್‌ಎಫ್‌ಸಿ ಎನ್ನುತ್ತಾರೆ. ವಿಕಿಪೀಡಿಯವನ್ನು ನಡೆಸುವ ಮೀಡಿಯವಿಕಿ ತಂತ್ರಾಂಶ ತನಗೆ ಬಂದ ಬರಹವನ್ನು ಮೊದಲು ಈ ರೂಪಕ್ಕೆ ತರುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಒತ್ತು ಬಾರದಂತೆ ತಡೆಯುವ ಅದೃಶ್ಯ ಚಿಹ್ನೆಯನ್ನು ಎನ್‌ಎಫ್‌ಸಿ ಕೂಡ ಮುಟ್ಟುವುದಿಲ್ಲ. ಅಂಥ ಚಿಹ್ನೆಯನ್ನು ಹೆಸರುಗಳಲ್ಲಿ ಬಳಸುವುದೋ ಬಿಡುವುದೋ ಎಂಬುದನ್ನು ವಿಭಾಗವೇ ಮೊದಲು ನಿಶ್ಚಯಿಸಬೇಕು.

ಅನುವಾದಕ್ಕೆ ಸಿಗದವು

ಸಾಹಿತ್ಯದ ಅನುವಾದದಲ್ಲಿ ಮೂಲಭಾಷೆಯ ಕೆಲವು ಪದಗಳಿಗೆ ಲಕ್ಷ್ಯಭಾಷೆಯಲ್ಲಿ ಸಮಾನಪದ ಇರುವುದಿಲ್ಲ. ಇಲ್ಲಿಯೂ ಹಾಗೆಯೇ. ನಾಲ್ಕು ಸಂದರ್ಭಗಳನ್ನು ಗಮನಿಸಬೇಕು.

ಮೊದಲನೆಯದು ಪೆಟ್ಟಿಗೆಯ ಹೆಸರು. ಸ್ವಿಫ್ಟ್‌ನಲ್ಲಿ ಕಂಟೇನರಿಗೆ 256 ಬೈಟುಗಳೊಳಗೆ ಕನ್ನಡದಲ್ಲೇ ಹೆಸರಿಡಬಹುದು. ಎಸ್3 ವ್ಯಾಕರಣದಲ್ಲಿ ಬಕೆಟ್ಟಿನ ಹೆಸರು 3ರಿಂದ 63 ಚಿಹ್ನೆಗಳಷ್ಟಿದ್ದು, ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡ್ಡಗೆರೆ, ಚುಕ್ಕಿಗಳಿಂದ ಮಾತ್ರ ಆಗಿರಬೇಕು. ಸ್ವಿಫ್ಟ್‌ನ ಸ್ವಂತ ಭಾಷೆಯಲ್ಲಿ ‘ಸೂಳಗಿರಿ’ ಎಂಬ ಕಂಟೇನರನ್ನು ಸೃಷ್ಟಿಸಿ ಚಿತ್ರಗಳನ್ನು ತುಂಬಿದವರು ನಾಳೆ ದುಭಾಷಿಯ ಮೂಲಕ ಪೆಟ್ಟಿಗೆಗಳ ಪಟ್ಟಿ ಕೇಳಿದರೆ ಆ ಹೆಸರು ಪಟ್ಟಿಯಲ್ಲೇ ಬರುವುದಿಲ್ಲ. ಎಸ್3ಎಪಿಐ ನಿಯಮಕ್ಕೆ ಒಗ್ಗದ ಹೆಸರುಗಳನ್ನು ಸೋಸಿಬಿಡುತ್ತದೆ, ದೋಷಸಂದೇಶವನ್ನೂ ಕೊಡುವುದಿಲ್ಲ. ಕಡತಗಳು ಅಳಿದಿಲ್ಲ, ಆದರೆ ಕಾಣುವುದಿಲ್ಲ. ಗಡಿನಾಡಿನ ಕನ್ನಡದ ದಾಖಲೆಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಹಾಳಾದ ಕಡತವನ್ನು ಯಾರಾದರೂ ಗಮನಿಸುತ್ತಾರೆ. ಪಟ್ಟಿಯಲ್ಲೇ ಇಲ್ಲದ್ದನ್ನು ಯಾರೂ ವಿಚಾರಿಸುವುದಿಲ್ಲ.

ಎರಡನೆಯದು ದಿನಾಂಕ. ಎಸ್3 ಪಟ್ಟಿಯಲ್ಲಿ ಪ್ರತಿ ಬಕೆಟ್ಟಿಗೂ ಸೃಷ್ಟಿಯಾದ ದಿನಾಂಕ ಇರಲೇಬೇಕು. ಸ್ವಿಫ್ಟ್‌ನ ಕಂಟೇನರ್ ಪಟ್ಟಿ ಆ ಮಾಹಿತಿಯನ್ನು ಕೊಡುವುದಿಲ್ಲ. ಆದ್ದರಿಂದ ಎಸ್3ಎಪಿಐ ತನ್ನ ಸಾಮಾನ್ಯ ಸಂರಚನೆಯಲ್ಲಿ ಎಲ್ಲ ಪೆಟ್ಟಿಗೆಗಳಿಗೂ 2009ರ ಫೆಬ್ರವರಿ 3 ಎಂಬ ಒಂದೇ ದಿನಾಂಕವನ್ನು ತುಂಬಿ ಕಳುಹಿಸುತ್ತದೆ. ಸ್ವಿಫ್ಟ್ ಹುಟ್ಟುವುದಕ್ಕೂ ಹಿಂದಿನ ದಿನವದು. ಶಾಸನದ ಕಾಲನಿರ್ಣಯ ಮಾಡುವ ವಿದ್ಯಾರ್ಥಿ ಲಿಪಿ, ಭಾಷೆ, ಅರಸನ ಹೆಸರುಗಳನ್ನು ಹೋಲಿಸಿ ನೋಡುತ್ತಾನೆ. ಕಲ್ಲಿನ ಮೇಲಿನ ಶಕವರ್ಷವನ್ನೂ ಪರೀಕ್ಷಿಸದೆ ಒಪ್ಪುವುದಿಲ್ಲ. ಅದೇ ಎಚ್ಚರ ಇಲ್ಲಿಯೂ ಬೇಕು. ಸಂಗ್ರಹದ ದಿನಾಂಕವನ್ನು ವಿಭಾಗವೇ ಪ್ರತ್ಯೇಕವಾಗಿ ಬರೆದಿಡಬೇಕು.

ಮೂರನೆಯದು ವಿವರಚೀಟಿಯ ಅಳತೆ. ಸ್ವಿಫ್ಟ್‌ನ ಸಾಮಾನ್ಯ ಮಿತಿಯಲ್ಲಿ ಮೆಟಾಡೇಟಾದ ಒಂದು ಮೌಲ್ಯ 256 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷಿನಲ್ಲಿ ಅದು 256 ಅಕ್ಷರ; ಕನ್ನಡದಲ್ಲಿ 85 ಸಂಕೇತ. ವೀರಗಲ್ಲಿನ ಮೂರು ಹಂತಗಳ ಶಿಲ್ಪವನ್ನು ವರ್ಣಿಸುವ ಒಂದು ವಾಕ್ಯವೇ ಅದನ್ನು ದಾಟುತ್ತದೆ. ವಸ್ತುವಿನ ಹೆಸರಿಗೆ 1024 ಬೈಟುಗಳ ಮಿತಿ ಇರುವುದರಿಂದ ಕನ್ನಡದ 341 ಸಂಕೇತಗಳಿಗೆ ಅಲ್ಲಿ ಎಡೆಯಿದೆ; ಆದರೆ ವರ್ಣನೆಗೆ ಹೆಸರು ತಕ್ಕ ಸ್ಥಳವಲ್ಲ. ವಿಸ್ತಾರವಾದ ವಿವರಣೆಯನ್ನು ಚಿತ್ರದ ಜೊತೆಯಲ್ಲೇ ಇನ್ನೊಂದು ಪಠ್ಯವಸ್ತುವಾಗಿ ಇರಿಸುವುದು ಯೋಗ್ಯ.

ನಾಲ್ಕನೆಯದು ತುಂಡುಗಳು. ದೊಡ್ಡ ಕಡತವನ್ನು ಎಸ್3 ಪದ್ಧತಿಯಲ್ಲಿ ಭಾಗಭಾಗವಾಗಿ ಏರಿಸಿದಾಗ ಸ್ವಿಫ್ಟ್‌ನಲ್ಲಿ ಆ ಭಾಗಗಳು ‘+ಸೆಗ್ಮೆಂಟ್ಸ್’ ಎಂಬ ಅಂತ್ಯವುಳ್ಳ ಪಕ್ಕದ ಕಂಟೇನರಿನಲ್ಲಿ ಕೂರುತ್ತವೆ. ಮೂಲ ಕಂಟೇನರಿನಲ್ಲಿ ಇರುವುದು ಭಾಗಗಳ ಪಟ್ಟಿ ಮಾತ್ರ. ಬೇಡದ ಪೆಟ್ಟಿಗೆಯೆಂದು ಬಗೆದು ಇದನ್ನು ಅಳಿಸಿದರೆ ಧ್ವನಿಮುದ್ರಿಕೆಯೇ ಹೋಗುತ್ತದೆ. ಹೀಗೆ ಏರಿದ ಕಡತದ ಇಟ್ಯಾಗ್ ಎಂಬ ಗುರುತೂ ಇಡೀ ಕಡತದ ಎಂಡಿ5 ಮೊತ್ತವಾಗಿರುವುದಿಲ್ಲ. ಪ್ರತಿ ಕಡತದ ಮೊತ್ತವನ್ನು ಏರಿಸುವ ಮೊದಲೇ ಲೆಕ್ಕಹಾಕಿ ದಾಖಲಿಸಿದವರು ಮಾತ್ರ ಮುಂದೆ ಅದರ ಸಮಗ್ರತೆಯನ್ನು ಪರೀಕ್ಷಿಸಬಲ್ಲರು.

ವಿಭಾಗಕ್ಕೆ ಸಲ್ಲುವ ಕ್ರಮ

ಮೇಲಿನ ಚರ್ಚೆಯಿಂದ ಕೆಲವು ನಿಯಮಗಳು ಒದಗುತ್ತವೆ. ಪೆಟ್ಟಿಗೆಗಳು ಕೆಲವೇ ಇರಲಿ. ಎರಡೂ ವ್ಯಾಕರಣಗಳಿಗೆ ಒಗ್ಗುವಂತೆ ಅವುಗಳಿಗೆ ಸರಳ ರೋಮನ್ ಹೆಸರಿರಲಿ. ವಸ್ತುವಿನ ಹೆಸರಿನಲ್ಲಿ ಊರು ಕನ್ನಡದಲ್ಲೇ, ಎನ್‌ಎಫ್‌ಸಿ ರೂಪದಲ್ಲಿ ಇರಲಿ. ಜಿಲ್ಲೆ, ತಾಲ್ಲೂಕುಗಳು ಬೇಡ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಹೆಸರುಗಳನ್ನು ಮೊದಲು ಯೂನಿಕೋಡಿಗೆ ತಿರುಗಿಸಬೇಕು. ಸೂಳಗಿರಿ, ಶೂಲಗಿರಿ ಎಂಬ ರೂಪಗಳೆಲ್ಲ ಒಂದೇ ಊರೆಂದು ತಿಳಿಸುವ ಹೆಸರುಪಟ್ಟಿಯೊಂದನ್ನು ಭಂಡಾರದಲ್ಲೇ ಒಂದು ವಸ್ತುವಾಗಿ ಇರಿಸಬೇಕು. ತಮಿಳು ಮತ್ತು ರೋಮನ್ ಲಿಪಿಗಳ ರೂಪಗಳೂ ಅದರಲ್ಲಿ ಸೇರಿದರೆ ನೆರೆಯ ಭಾಷೆಯ ಸಂಶೋಧಕರಿಗೂ ದಾರಿ ಸಿಗುತ್ತದೆ.

ಆ ಪಟ್ಟಿಯನ್ನು ತಯಾರಿಸುವುದು ತಂತ್ರಜ್ಞನ ಕೆಲಸವಲ್ಲ. ದುಭಾಷಿ ಕೋರಿಕೆಯ ವ್ಯಾಕರಣವನ್ನು ಬದಲಿಸಬಲ್ಲ. ಒಂದು ಊರಿನ ನಾಲ್ಕು ಬರಹರೂಪಗಳು ಒಂದೇ ಊರಿನವು ಎಂದು ಅವನಿಗೆ ಹೇಳಿಕೊಡುವವರು ಬೇರೆ ಇರಬೇಕು. ಧ್ವನಿವ್ಯತ್ಯಾಸ, ತದ್ಭವ, ಸ್ಥಳನಾಮಗಳನ್ನು ಅಭ್ಯಾಸ ಮಾಡಿದ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಅದು ಸಹಜವಾಗಿ ಸಲ್ಲುವ ಹೊಣೆ.

ಅಭ್ಯಾಸ

1. ‘ಕೃಷ್ಣಗಿರಿ’, ‘ಬಾಗಲೂರು’, ‘ಡೆಂಕಣಿಕೋಟೆ’ ಎಂಬ ಹೆಸರುಗಳನ್ನು ಸಂಕೇತಗಳಾಗಿ ಬಿಡಿಸಿ ಪ್ರತಿಯೊಂದರ ಬೈಟುಗಳನ್ನು ಎಣಿಸಿರಿ. ಎರಡು ರೂಪಗಳಿಗೆ ಅವಕಾಶವಿರುವ ಹೆಸರು ಯಾವುದು? ಕಾರಣ ಬರೆಯಿರಿ.

2. ಭಂಡಾರದ ಪಟ್ಟಿಗಳು ಬೈಟುಗಳ ಕ್ರಮದಲ್ಲಿ ಬರುತ್ತವೆ. ಯೂನಿಕೋಡಿನಲ್ಲಿ ‘ಳ’ವು ‘ವ’ಕ್ಕಿಂತ ಮೊದಲು ಇದೆ; ‘ಱ’ವು ‘ರ’ದ ಪಕ್ಕದಲ್ಲಿದ್ದರೆ ‘ೞ’ವು ದೂರದಲ್ಲಿದೆ. ಕನ್ನಡ ನಿಘಂಟಿನ ಅಕಾರಾದಿ ಕ್ರಮಕ್ಕೂ ಇದಕ್ಕೂ ಇರುವ ವ್ಯತ್ಯಾಸಗಳನ್ನು ಉದಾಹರಣೆಗಳೊಡನೆ ಚರ್ಚಿಸಿರಿ.

3. ತಮ್ಮ ಊರಿನ ಹೆಸರಿಗೆ ಬಳಕೆಯಲ್ಲಿರುವ ಎಲ್ಲ ಬರಹರೂಪಗಳನ್ನು ಫಲಕ, ಪಡಿತರ ಚೀಟಿ, ಬಸ್ಸಿನ ಹಲಗೆ, ಹಿರಿಯರ ಮಾತುಗಳಿಂದ ಸಂಗ್ರಹಿಸಿ, ಪ್ರತಿ ರೂಪವೂ ಹೇಗೆ ಹುಟ್ಟಿರಬಹುದೆಂದು ವಿವರಿಸಿರಿ.